ಉಡಿ ತುಂಬಿದ ಕಂಪ್ಯೂಟರು

ನಾಲ್ಕನೇ ಪಾಠ ಶುರುವಾಗಿ ಎರಡು ನಿಮಿಷಕ್ಕೆ ಪರದೆ ನಿಲ್ಲುತ್ತಿತ್ತು. ಮೊದಲು ಚಿತ್ರ ನಿಲ್ಲುತ್ತಿತ್ತು. ದನಿ ಒಂದೆರಡು ಕ್ಷಣ ಒಂದೇ ಅಕ್ಷರವನ್ನು ಅಗಿಯುತ್ತಿತ್ತು. ಆಮೇಲೆ ಬ್ರೌಸರ್ ಇಡಿಯಾಗಿ ಮಾಯವಾಗಿ ಒಂದು ಬಿಳಿ ಚೌಕ ಬರುತ್ತಿತ್ತು: ತೊಂದರೆಯಾಗಿದೆ, ಮುಚ್ಚಬೇಕಾಗಿದೆ, ವಿಷಾದಿಸುತ್ತೇವೆ.

"ಏನವ್ವಾ, ಇವತ್ತರ ಪಿಚ್ಚರ್ ಪೂರಾ ತೋರಿಸ್ತೀಯೋ, ಇಂಟರ್‌ವಲ್‌ಗೇ ಮನೀಗೆ ಕಳಸ್ತೀಯೋ?" ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಉಳಿದ ಒಂಬತ್ತು ಜನ ನಕ್ಕರು. ಪಾಠ ಓಡಿಸುವ ಆಪರೇಟರ್ ಹುಡುಗಿ ನಗಲಿಲ್ಲ.

ಅದು ಸಂಡೂರು ರಸ್ತೆಯಲ್ಲಿ, ಗುಡ್ಡದ ಬುಡದಲ್ಲಿದ್ದ ಒಂದು ಗಣಿಯ ತರಬೇತಿ ಕೇಂದ್ರ. ಮೇಲೆ ಕೆಲಸಕ್ಕೆ ಹೋಗುವವರು ಯಾರೇ ಆಗಲಿ, ಸುರಕ್ಷತೆಯ ಹನ್ನೊಂದು ಪಾಠಗಳನ್ನು ಆ ಕೋಣೆಯ ಒಂದೇ ಕಂಪ್ಯೂಟರಿನಲ್ಲಿ ನೋಡಿ, ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಮುಗಿದರೆ ಯಂತ್ರ ಒಂದು ಚೀಟಿ ಮುದ್ರಿಸುತ್ತಿತ್ತು. ಚೀಟಿ ತೋರಿಸಿದರೆ ಗೇಟಿನಲ್ಲಿ ಪಾಸು. ಪಾಠಗಳು ಬ್ರೌಸರಿನೊಳಗೆ, ವೀಡಿಯೊ ಓಡಿಸುವ ಒಂದು ಪ್ಲಗಿನ್ನಿನ ಮೂಲಕ ನಡೆಯುತ್ತಿದ್ದವು. ಆ ಪ್ಲಗಿನ್ ಬಿದ್ದರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ಪಾಸು ಇಲ್ಲ. ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಹಿಡಿದು ಕೂತವರು ಮಧ್ಯಾಹ್ನಕ್ಕೆ ಅಲ್ಲೇ ಉಂಡು ವಾಪಸು ಹೋಗುತ್ತಿದ್ದರು.

ಈ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಹೊಸಪೇಟೆಯಲ್ಲಿ ಡಿಪ್ಲೊಮಾ ಹುಡುಗರಿಗೆ, ತಪ್ಪು ಹುಡುಕುವುದು ಹೇಗೆ ಎಂಬುದಕ್ಕೆ ಉದಾಹರಣೆಯಾಗಿ ಹೇಳಿದ್ದೇನೆ. ಅವರು ಚಪ್ಪಾಳೆ ತಟ್ಟಿದ್ದಾರೆ. ಆ ಕಥೆಯಲ್ಲಿ ನಾನು, ಯಂತ್ರ ಮತ್ತು ಒಂದು ಫೋನ್ ಕರೆ ಇರುತ್ತಿದ್ದವು. ಆಪರೇಟರ್ ಇರುತ್ತಿರಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಅವಳನ್ನು ಬಿಟ್ಟಿದ್ದೆನೆಂದರೆ, ಕೆಲವು ವರ್ಷ ಆ ಕೋಣೆಯನ್ನು ನೆನೆದರೆ ನನಗೇ ಅವಳ ಕುರ್ಚಿ ಖಾಲಿ ಕಾಣುತ್ತಿತ್ತು. ಈಗ ಅವಳನ್ನು ಸೇರಿಸಿ ಬರೆಯುತ್ತಿದ್ದೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ.

ಕರೆ ಬಂದದ್ದು ಸೋಮವಾರ ಎಂದು ಹೇಳುತ್ತಾ ಬಂದಿದ್ದೇನೆ. ಯಾವ ವಾರವೋ ಗೊತ್ತಿಲ್ಲ. ಕೇಂದ್ರದ ಮ್ಯಾನೇಜರ್ ಫೋನಿನಲ್ಲಿ, "ಏನ್ರಿ ಇಂಜಿನಿಯರ್ ಸಾಹೇಬ್ರ, ನಿಮ್ಮ ಡಬ್ಬಿ ನಡೂಕ ಮೂರ್ಛಿ ಹೋಗಾಕತ್ತೈತಿ, ಜಲ್ದಿ ಬರ್ರಿ" ಎಂದರು. ನಾನು ಇಂಜಿನಿಯರ್ ಅಲ್ಲ. ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದೆ. ಆ ಯಂತ್ರ ನಾನೇ ಜೋಡಿಸಿ ಕೊಟ್ಟದ್ದು. ಅದೇ ಗಣಿ ಕಂಪನಿಯ ಎಲ್ಲ ಕಚೇರಿಗಳ ಯಂತ್ರಗಳ ವರ್ಷದ ನಿರ್ವಹಣೆ ನನಗೆ ಸಿಗುವ ಮಾತು ನಡೆದಿತ್ತು. ಅದರ ಕಾಗದ ಈ ಮ್ಯಾನೇಜರ್ ಮೇಜಿನ ಮೇಲಿತ್ತು.

ನಮ್ಮ ಕಡೆ ಆ ವರ್ಷಗಳಲ್ಲಿ ಏನೇ ಕೆಟ್ಟರೂ ಮೊದಲ ಆರೋಪಿ ಧೂಳು. ಅದಿರು ಲಾರಿಗಳು ಹಗಲೆಲ್ಲ ಆ ರಸ್ತೆಯಲ್ಲಿ ಒಂದರ ಬಾಲ ಒಂದು ಹಿಡಿದಂತೆ ಹೋಗುತ್ತಿದ್ದವು. ಮುಚ್ಚಿದ ಕಿಟಕಿಯೊಳಗೂ ಇಟ್ಟಿಗೆ ಪುಡಿಯಂಥ ಕೆಂಪು ಬರುತ್ತಿತ್ತು. ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಚರ್ಮದಂತೆ ಕೂತಿತ್ತು. ಬ್ಲೋವರ್ ಹಿಡಿದೆ. ಮೆಮರಿ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಕೂರಿಸಿ, ಮುಚ್ಚಿದೆ. ಪಾಠ ಒಂದು, ಎರಡು, ಮೂರು ಓಡಿದವು. ನಾಲ್ಕು ಬಿತ್ತು.

ಎರಡನೇ ದಿನ ಪ್ಲಗಿನ್ ತೆಗೆದು ಮತ್ತೆ ಹಾಕಿದೆ. ಅದರ ಹಳೆಯ ಆವೃತ್ತಿ ಹಾಕಿ ನೋಡಿದೆ. ಬ್ರೌಸರ್ ಕೂಡಿಟ್ಟುಕೊಂಡಿದ್ದ ತಾತ್ಕಾಲಿಕ ಫೈಲುಗಳನ್ನೆಲ್ಲ ಅಳಿಸಿದೆ. ಮೆಮರಿ ಬದಲಿಸಿದೆ. ಪ್ರತಿ ಬದಲಾವಣೆಯ ನಂತರ ಮೊದಲ ಪಾಠದಿಂದಲೇ ಶುರು ಮಾಡಬೇಕಿತ್ತು, ಯಾಕೆಂದರೆ ಹಿಂದಿನ ಪಾಠ ಮುಗಿಯದೆ ಮುಂದಿನದು ತೆರೆಯದಂತೆ ಅದನ್ನು ಮಾಡಿದ್ದರು. ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುವ ಬಗೆ ನನಗೆ ಬಾಯಿಪಾಠವಾಯಿತು.

ಆಪರೇಟರ್ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಕಂಪ್ಲಿಯವಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸಪೇಟೆಗೆ ಬಂದು ಅಲ್ಲಿಂದ ಸ್ಟಾಫ್ ಬಸ್ ಹಿಡಿಯುತ್ತಿದ್ದಳು. ಕಂಪನಿ ಅವಳನ್ನು ನೇರ ತೆಗೆದುಕೊಂಡಿರಲಿಲ್ಲ, ಒಂದು ಏಜೆನ್ಸಿಯ ಮೂಲಕ ಬಂದಿದ್ದಳು. ಬೇಡವೆಂದರೆ ಮರುದಿನ ಬರುವ ಹಾಗಿಲ್ಲ. ಅವಳು ಹಿಂದೆ ನಿಂತು ನೋಡುತ್ತಿದ್ದಳು. ನನಗೆ ಕಿರಿಕಿರಿಯಾಗುತ್ತಿತ್ತು.

"ಅಣ್ಣಾರ, ಒಂದ್ ಮಾತ್ ಹೇಳಲ್ರಿ?"

"ಹೇಳಮ್ಮ."

"ನಾಲ್ಕನೇದ್ರಾಗ ದನಿ ಬ್ಯಾರೆ ಐತ್ರಿ. ಬಾಕಿ ಎಲ್ಲಾ ಒಬ್ಬಾತ ಮಾತಾಡ್ತಾನ, ಬೆಂಗಳೂರ ಕಡ್ಯಾತ. ಇದ್ರಾಗ ಮಾತಾಡಾವ ನಮ್ಮ ಕಡ್ಯಾವ. ದನೀನೂ ಡಬ್ಬ್ಯಾಗಿಂದ ಬಂದಂಗ ಬರತೈತಿ."

"ದನಿಗೆ ಕಂಪ್ಯೂಟರ್ ಬೀಳಲ್ಲಮ್ಮ," ಎಂದೆ.

ಡಿಪ್ಲೊಮಾ ಹುಡುಗರಿಗೆ ಹೇಳುವಾಗ ಈ ದನಿಯ ವ್ಯತ್ಯಾಸ ಕಂಡುಹಿಡಿದವನು ನಾನೇ. "ಆಗ ನನ್ನ ಕಿವಿಗೆ ಒಂದು ವಿಷಯ ಬಿತ್ತು" ಎಂದು ಹೇಳಿ, ಬೆರಳಿನಿಂದ ಕಿವಿ ಮುಟ್ಟಿ ತೋರಿಸುತ್ತಿದ್ದೆ.

ಮೂರನೇ ದಿನ, ಪಾಠಗಳು ಯಾವುದರಲ್ಲಿ ಬಂದಿದ್ದವೋ ಆ ಸೀಡಿಯನ್ನು ಅಂಗಡಿಗೆ ಒಯ್ದು ನನ್ನ ಯಂತ್ರದಲ್ಲಿ ಹಾಕಿದೆ. ಅದೇ ಜಾಗದಲ್ಲಿ, ಅದೇ ಅಕ್ಷರ ಅಗಿದು ಬಿತ್ತು. ನನಗೆ ಸಂತೋಷವಾಯಿತು. ಸೀಡಿಯೇ ಕೆಟ್ಟಿದೆ ಎಂದು ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. ಎರಡು ಯಂತ್ರಗಳಲ್ಲಿ ಒಂದೇ ತಪ್ಪು ಬಂದರೆ, ಎರಡರಲ್ಲೂ ಇರುವ ಇನ್ನೇನಾದರೂ ಇದೆಯೇ ಎಂದು ಕೇಳಿಕೊಳ್ಳಬೇಕು. ಕೇಳಿಕೊಳ್ಳಲಿಲ್ಲ.

ನಾಲ್ಕನೇ ದಿನ ಪಾಠ ತಯಾರಿಸಿದ ಕಂಪನಿಗೆ ಫೋನ್ ಹಚ್ಚಿದೆವು. ಹೊರರಾಜ್ಯದ ಊರು. ಅಲ್ಲಿಯ ತಂತ್ರಜ್ಞ ಶಾಂತ ಮನುಷ್ಯ. ಹಿಂದಿಯಲ್ಲಿ ಕೇಳಿದ: ಬಿಳಿ ಚೌಕದಲ್ಲಿ ವಿವರ ನೋಡುವ ಕೊಂಡಿ ಇದೆಯಲ್ಲ, ಅದನ್ನು ಒತ್ತಿ, ಬಿದ್ದ ಭಾಗದ ಹೆಸರು ಏನೆಂದು ಓದಿ. ನಾಲ್ಕು ದಿನ ಆ ಚೌಕವನ್ನು ಓದದೆ ಮುಚ್ಚಿದ್ದೆ. ಒತ್ತಿದೆ. ಹೆಸರು ಓದಿದೆ. ಪ್ಲಗಿನ್ನಿನ ಹೆಸರಲ್ಲ, ಬ್ರೌಸರಿನದ್ದೂ ಅಲ್ಲ.

"ಇದು ನಮ್ಮದಲ್ಲ," ಎಂದ ಆತ. "ಯಾರೋ ಸಿನಿಮಾ ನೋಡಲು ಕೋಡೆಕ್ ಪ್ಯಾಕ್ ಹಾಕಿದ್ದಾರೆ. ಅದರ ಆಡಿಯೊ ಫೈಲು ಮಧ್ಯೆ ಕೈ ಹಾಕುತ್ತಿದೆ."

ಆ ಹೆಸರು ನನಗೆ ಗೊತ್ತಿತ್ತು. ಅದು ಇದ್ದ ಸೀಡಿ ನನ್ನ ಚೀಲದಲ್ಲೇ ಇತ್ತು. ಅಂಗಡಿಯ ನನ್ನ ಯಂತ್ರದಲ್ಲೂ ಅದನ್ನೇ ಹಾಕಿದ್ದೆ.

ಇಲ್ಲಿ ನಮ್ಮ ಅಂಗಡಿಯ ಒಂದು ರೂಢಿ ಹೇಳಬೇಕು. ನಮ್ಮ ಕಡೆ ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ. ಹೊಸ ಯಂತ್ರ ಅಂಗಡಿಯಿಂದ ಹೊರಡುವಾಗ ನಾವೂ ಹಾಗೆಯೇ ಮಾಡುತ್ತಿದ್ದೆವು. ಎರಡು ಸಿನಿಮಾ, ನೂರಾರು ಹಾಡು, ಒಂದೆರಡು ಆಟ. ಇವೆಲ್ಲ ಯಾವ ತಕರಾರೂ ಇಲ್ಲದೆ ಓಡಲಿ ಎಂದು ಒಂದು ಕೋಡೆಕ್ ಪ್ಯಾಕ್. ಕೋಡೆಕ್ ಎಂದರೆ ಕುಗ್ಗಿಸಿಟ್ಟ ಹಾಡು, ಚಿತ್ರಗಳನ್ನು ಬಿಚ್ಚಿಕೊಡುವ ಸಣ್ಣ ಪ್ರೋಗ್ರಾಮು. ಗಿರಾಕಿ ಕೇಳದಿದ್ದರೂ ಹಾಕುತ್ತಿದ್ದೆವು. "ಉಡಿ ತುಂಬಿದ್ಯೇನೋ?" ಎಂದು ಕೇಳದೆ ಯಾವ ಯಂತ್ರವನ್ನೂ ನಾನು ಅಂಗಡಿಯಿಂದ ಬಿಟ್ಟವನಲ್ಲ. ಬೇರೆ ಅಂಗಡಿಯವರು ಖಾಲಿ ಯಂತ್ರ ಕೊಡುತ್ತಾರೆ, ನೀವು ಮಸ್ತ್ ಎಂದು ಜನ ಹೇಳುತ್ತಿದ್ದರು. ಗಣಿಯ ತರಬೇತಿ ಕೇಂದ್ರಕ್ಕೆ ಹೋಗುವ ಯಂತ್ರಕ್ಕೆ ಸಿನಿಮಾ ಯಾಕೆ ಎಂದು ಒಂದು ಕ್ಷಣವೂ ಅನಿಸಿರಲಿಲ್ಲ.

ಫೋನ್ ಇಟ್ಟು ಅಂಗಡಿಗೆ ಬಂದೆ. ಖಾಲಿ ಹಾರ್ಡ್‌ಡಿಸ್ಕ್ ತೆಗೆದುಕೊಂಡು ಎಲ್ಲ ಹೊಸದಾಗಿ ಹಾಕಿ ಪಾಠ ಓಡಿಸಿದೆ. ಹನ್ನೊಂದೂ ಪಾಠ ಮುಗಿದವು. ನನ್ನ ಸೀಡಿಯಿಂದ ಪ್ಯಾಕ್ ಹಾಕಿದೆ. ನಾಲ್ಕರಲ್ಲಿ ಬಿತ್ತು. ಪ್ಯಾಕ್ ತೆಗೆದೆ. ಆದರೂ ಬಿತ್ತು, ಯಾಕೆಂದರೆ ಅದು ಹೋಗುವಾಗ ತನ್ನ ಒಂದು ಫೈಲನ್ನು ವ್ಯವಸ್ಥೆಯ ಪಟ್ಟಿಯಲ್ಲಿ ಹಾಗೇ ಬಿಟ್ಟು ಹೋಗುತ್ತಿತ್ತು. ಆ ಒಂದು ಫೈಲನ್ನು ಪಟ್ಟಿಯಿಂದ ತೆಗೆಯುವ ಆದೇಶ ಬರೆದೆ, ಒಂದು ಸಾಲು. ಪಾಠ ಕೊನೆವರೆಗೆ ಓಡಿತು. ನಾಲ್ಕನೇ ಪಾಠ ಬ್ಲಾಸ್ಟಿಂಗ್ ಸೈರನ್, ಅಂದರೆ ಬಂಡೆ ಸಿಡಿಸುವ ಮುನ್ನ ಕೂಗುವ ಸೈರನ್ ಕುರಿತದ್ದು. ಎಷ್ಟು ಸಲ ಕೂಗಿದರೆ ಎಲ್ಲಿ ನಿಲ್ಲಬೇಕು ಎಂಬುದು ಈ ಗಣಿಯದೇ ನಿಯಮ. ಹಾಗಾಗಿ ನನಗೆ ಕರೆ ಬರುವ ಸ್ವಲ್ಪ ಮೊದಲಷ್ಟೇ ಅದರ ದನಿಯನ್ನು ಹೊಸಪೇಟೆಯಲ್ಲೇ, ಬೇರೆ ನಮೂನೆಯಲ್ಲಿ ಮುದ್ರಿಸಿ ಹೊಸ ಸೀಡಿ ಮಾಡಿಸಿದ್ದರು; ಅಲ್ಲಿಯವರೆಗೆ ಪಾಠ ಬಿದ್ದಿರಲಿಲ್ಲ. ನನ್ನ ಪ್ಯಾಕ್ ಆ ನಮೂನೆಯನ್ನು ಮಾತ್ರ ಕಸಿದುಕೊಳ್ಳುತ್ತಿತ್ತು. ಆಪರೇಟರ್ ಎರಡನೇ ದಿನವೇ ಹೇಳಿದ್ದು ಇದನ್ನೇ.

ಅಂದರೆ ಐದನೇ ದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದಾಗ ನನ್ನ ಕೆಲಸ ಇದ್ದದ್ದು ಎರಡು ನಿಮಿಷದ್ದು, ಒಂದು ಸಾಲಿನದ್ದು.

ಮ್ಯಾನೇಜರ್ ಕೋಣೆಯಲ್ಲಿ ಆಪರೇಟರ್ ನಿಂತಿದ್ದಳು. ಫೋನಿನವನು ಹೇಳಿದ್ದನ್ನು ಮ್ಯಾನೇಜರ್ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದರು. ಯಂತ್ರ ತಡಕಾಡಿ ಹಾಡು, ಸಿನಿಮಾಗಳ ಫೋಲ್ಡರನ್ನೂ ಹುಡುಕಿದ್ದರು.

"ಪಿಚ್ಚರ್ ನೋಡಾಕ ಕಂಪನಿ ಕಂಪ್ಯೂಟರ್ ಬೇಕೇನಮ್ಮಾ? ನಾಲ್ಕ ದಿನದಿಂದ ಮ್ಯಾಲ ಜನ ಇಲ್ಲ. ನನಗ ಫೋನ್ ಮ್ಯಾಲ ಫೋನ್."

"ನಾ ಏನೂ ಹಾಕಿಲ್ರಿ ಸರ. ನಾ ಬಂದಾಗಿಂದ ಅದ್ರಾಗ ಇತ್ರಿ ಅದು. ನಾ ತೆಗದೂ ನೋಡಿಲ್ರಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಅವರು ಆ ಕೇಂದ್ರಕ್ಕೆ ಬಂದದ್ದು ಅವಳಿಗಿಂತ ಆಮೇಲೆ. ಯಂತ್ರ ಬಂದ ದಿನ ಅಲ್ಲಿದ್ದವರಲ್ಲಿ ಈಗ ಉಳಿದವನು ನಾನೊಬ್ಬ.

"ಏನ್ರಿ, ನೀವ ಕೊಟ್ಟ ಮಷೀನ್ ಅಲ್ಲೇನು? ಕೊಡೂಮುಂದ ಇತ್ತೇನು ಇದು?"

ಈ ಜಾಗದಲ್ಲಿ ನಾನು ಯೋಚಿಸಿದೆ, ಹಿಂಜರಿದೆ ಎಂದೆಲ್ಲ ಬರೆಯಬಹುದು. ಬರೆದಿದ್ದೆ ಕೂಡ, ಹೊಡೆದುಹಾಕಿದೆ. ಹಿಂಜರಿಯಲಿಲ್ಲ. ಉತ್ತರ ನಾಲಿಗೆಯ ಮೇಲೇ ಇತ್ತು.

"ನಾ ಕೊಟ್ಟಾಗ ಕ್ಲೀನ್ ಇತ್ರಿ ಸರ."

"ಹಂಗಾರ ಸಂಜಿಗೆ ನೋಡಿ ಹೇಳ್ರಿ, ಯಾವಾಗ ಹಾಕ್ಯಾರ, ಯಾರು ಹಾಕ್ಯಾರ ಅಂತ. ಈಕೀನ ಹಾಕಿದ್ರ ನಾಳಿಂದ ಬರೋದು ಬ್ಯಾಡ."

ಹೊರಗೆ ಬಂದು ಯಂತ್ರದ ಮುಂದೆ ಕೂತೆ. ಅವಳು ಹಿಂದೆ ಬಂದು ನಿಂತಳು. ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಒಂದು ನಿರಾಳ ಇತ್ತು ಎಂದು ನನ್ನ ನೆನಪು. ಗೊತ್ತಿಲ್ಲ, ಇರಬಹುದು, ಯಾಕೆಂದರೆ ಅವಳು ಹೇಳಿದ್ದು ಹೀಗೆ:

"ಅಣ್ಣಾರ, ಆ ಫೋಲ್ಡರ್ ಮ್ಯಾಲ ರೈಟ್ ಕ್ಲಿಕ್ ಮಾಡಿದ್ರ ತಾರೀಖ್ ಬರತೈತಲ್ರಿ? ಯಾವತ್ತು ಹಾಕಿದ್ದು ಅಂತ? ಕಂಪ್ಲ್ಯಾಗ ಕೋರ್ಸ್‌ನ್ಯಾಗ ಹೇಳಿಕೊಟ್ಟಿದ್ರು. ನಾ ಸೇರಿದ್ದು ದೀಪಾವಳಿ ಆದಮ್ಯಾಲ. ಅದನ್ನ ಸರ್‌ಗೆ ತೋರಿಸ್ರಿ, ಮುಗದೋಗತೈತಿ."

"ಆ ತಾರೀಖೆಲ್ಲಾ ನಂಬಾಕ ಬರಂಗಿಲ್ಲಮ್ಮ," ಎಂದೆ. "ಒಳಗಿನ ಗಡಿಯಾರದ ಸೆಲ್ ವೀಕ್ ಆದ್ರ ಏನ್ ಬೇಕಾದ್ರೂ ತೋರಸತೈತಿ."

"ಹೌದೇನ್ರಿ?" ಎಂದಳು. ನಂಬಿದಳು. ನಾನು ಗೊತ್ತಿರುವವನು, ಅವಳು ಆರು ತಿಂಗಳ ಕೋರ್ಸ್ ಮಾಡಿದವಳು.

ಅವಳು ಊಟಕ್ಕೆ ಹೋದಳು. ನಾನು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿದೆ. ನಾನು ಯಂತ್ರ ತಂದುಕೊಟ್ಟ ಹಿಂದಿನ ದಿನದ ತಾರೀಖು. ಬೇಸಿಗೆಯದು. ಕೋಡೆಕ್ ಪ್ಯಾಕಿನ ಮೇಲೂ ಅದೇ ತಾರೀಖು, ಎರಡಕ್ಕೂ ನಡುವೆ ಕೆಲವು ನಿಮಿಷದ ಅಂತರ. ಸೆಲ್ ಚೆನ್ನಾಗಿಯೇ ಇತ್ತು.

ಒಂದು ಸಾಲಿನ ಆದೇಶ ಸಾಕಿತ್ತು. ಅದನ್ನು ಬರೆಯಲಿಲ್ಲ. ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಎಲ್ಲ ಹಾಕುವುದೆಂದು ತೀರ್ಮಾನಿಸಿದೆ. ಪಾಠಗಳ ಫೋಲ್ಡರನ್ನು ಮಾತ್ರ ಬೇರೆಡೆ ನಕಲು ಮಾಡಿಕೊಂಡೆ. ಅವಳು ಊಟ ಮುಗಿಸಿ ಬರುವುದರೊಳಗೆ ಶುರುವಾಗಿಬಿಡಬೇಕಿತ್ತು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದೆ. ನೀಲಿ ಪರದೆಯ ಮೇಲೆ ಹಳದಿ ಪಟ್ಟಿ ಬೆಳೆಯತೊಡಗಿತು. ನನ್ನ ವೃತ್ತಿಯಲ್ಲಿ ಅಷ್ಟು ಅನಗತ್ಯವಾದ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಬೇರೆಲ್ಲೂ ಮಾಡಿಲ್ಲ.

ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಪರದೆ ನೋಡಿದಳು.

"ಫಾರ್ಮ್ಯಾಟ್ ಹಾಕಿದ್ರೇನ್ರಿ?"

"ಬ್ಯಾರೆ ದಾರಿ ಇರಲಿಲ್ಲಮ್ಮ."

"ರಿಜಲ್ಟ್ ತೆಗದಿಟ್ಟೀರಲ್ರಿ? ಪಾಸಾದವ್ರದು?"

ತೆಗೆದಿಟ್ಟಿರಲಿಲ್ಲ. ಪಾಠ ಮುಗಿಸಿದವರ ದಾಖಲೆ ಪಾಠಗಳ ಫೋಲ್ಡರಿನಲ್ಲಿರಲಿಲ್ಲ. ಅದು ಬೇರೊಂದು ಕಡೆ, ಬಳಕೆದಾರರ ಫೋಲ್ಡರಿನ ಒಳಗೆ ಇತ್ತು. ಗಡಿಬಿಡಿಯಲ್ಲಿ ನೆನಪಾಗಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನರ ದಾಖಲೆ. ಅದಿಲ್ಲದಿದ್ದರೆ ತಿಂಗಳ ಕೊನೆಗೆ ಅವರ ಪಾಸು ನವೀಕರಣವಾಗುತ್ತಿರಲಿಲ್ಲ.

ಸಂಜೆ ಮ್ಯಾನೇಜರಿಗೆ ಹೇಳಿದೆ: ಯಂತ್ರ ಸರಿಯಾಗಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದೇನೆ. ಯಾರು ಹಾಕಿದ್ದರೆಂದು ಇನ್ನು ಗೊತ್ತಾಗುವುದಿಲ್ಲ.

"ಇನ್ಯಾರ್ ಹಾಕ್ತಾರ್ರಿ, ದೆವ್ವ ಬಂದು ಹಾಕತೈತೇನು?" ಎಂದರು. ಬುಡದಿಂದಲೇ ಸರಿ ಮಾಡಿದಿರಿ ಎಂದು ನನ್ನನ್ನು ಹೊಗಳಿದರು. ಅವಳಿಗೆ ಮರುದಿನ ಒಂದು ದಿನ ಬಂದು ಕೆಲಸ ಒಪ್ಪಿಸಿ ಹೋಗಲು ಹೇಳಿದರು.

ಮರುದಿನ ಅವಳು ಒಂದು ಉದ್ದ ನೋಟ್‌ಬುಕ್ ತಂದಳು. ಯಂತ್ರದ ಮೇಲೆ ಭರವಸೆಯಿಲ್ಲದೆ, ಪಾಸಾದ ಪ್ರತಿಯೊಬ್ಬರ ಹೆಸರು, ಊರು, ತಾರೀಖು, ಅಂಕಗಳನ್ನು ಮೊದಲಿನಿಂದಲೂ ಕೈಯಲ್ಲಿ ಬರೆದಿಟ್ಟಿದ್ದಳು. ಯಾರೂ ಅವಳಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಅವಳು ಓದಿದಳು, ನಾನು ಟೈಪ್ ಮಾಡಿದೆ.

"ಹುಲಿಗೆಮ್ಮ, ಗಂಡ ಈರಣ್ಣ, ಗಾದಿಗನೂರು. ಒಂಬತ್ತು. ಹನುಮಂತಪ್ಪ, ತಂದೆ ದೊಡ್ಡಬಸಪ್ಪ, ಗಾದಿಗನೂರು. ಎಂಟು. ಇಬ್ರು ಹನುಮಂತಪ್ಪ ಅದಾರ್ರಿ, ಇಲ್ಲಿ ತಪ್ಪಬ್ಯಾಡ್ರಿ, ಇನ್ನೊಬ್ಬಾತಂದು ಕಡ್ಡಿರಾಂಪುರ."

ಮಧ್ಯಾಹ್ನದ ತನಕ ಓದಿದಳು. ನೀರು ಕುಡಿಯಲು ಮಾತ್ರ ನಿಲ್ಲಿಸಿದಳು. ಒಮ್ಮೆ ನಾನು ಅಂಕ ತಪ್ಪು ಹೊಡೆದಾಗ ಬಗ್ಗಿ ನೋಡಿ ತಿದ್ದಿಸಿದಳು. ಮುಗಿದ ಮೇಲೆ ನೋಟ್‌ಬುಕ್ಕನ್ನು ಮೇಜಿನ ಮೇಲೇ ಇಟ್ಟು, "ಬರ್ತೀನ್ರಿ ಅಣ್ಣಾರ" ಎಂದಳು. ಹೋಗುವಾಗ ನನ್ನ ಕಡೆ ನೋಡಿದಳೇ ಎಂಬುದು ನನಗೆ ಗೊತ್ತಿಲ್ಲ. ನಾನು ಕೀಬೋರ್ಡ್ ನೋಡುತ್ತಿದ್ದೆ.

ಅವಳ ಜಾಗಕ್ಕೆ ಬಂದವನಿಗೆ ಕೆಲಸ ಹಿಡಿತಕ್ಕೆ ಬರಲಿಲ್ಲ. ಒಂದೇ ಹೆಸರಿನ ಇಬ್ಬರಿಗೆ ಒಂದೇ ಪಾಸು ಕೊಟ್ಟ, ಪ್ರಶ್ನೆಗಳಿಗೆ ತಾನೇ ಉತ್ತರ ಒತ್ತಿದ. ಮೂರು ತಿಂಗಳಾದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು, "ಆ ಕಂಪ್ಲಿ ಹುಡುಗೀನ್ನ ಕೇಳಿ ನೋಡ್ರಿ. ಈ ಸಲ ಮಾಫ್ ಮಾಡೋಣಂತ" ಎಂದರು. ನಾನು ಅದೇ ದಿನ ಹೊರಟೆ. ಕಾಲುವೆ ಪಕ್ಕದ ರಸ್ತೆಯಲ್ಲಿ ಬೈಕ್ ಓಡಿಸುವಾಗ ಹಗುರವಾಗಿದ್ದೆ. ಏನೋ ಒಳ್ಳೆಯದನ್ನು ಕೊಡಲು ಹೋಗುವವನ ಹಾಗೆ.

ಅವಳು ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಚೀಲಗಳಿಗೆ ಕಟ್ಟುವ ಚೀಟಿ ಬರೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು, "ಬರ್ರಿ ಅಣ್ಣಾರ, ಕುಂದ್ರಿ" ಎಂದು ಕುರ್ಚಿ ಕೊಟ್ಟಳು. ಗಿರಣಿಯ ಸದ್ದಿಗೆ ಜೋರಾಗಿ ಮಾತಾಡಬೇಕಿತ್ತು. ನಾನು ಜೋರಾಗಿ ಹೇಳಿದೆ, ಕೆಲಸ ಖಾಲಿ ಇದೆ, ಸಾಹೇಬರು ಮಾಫ್ ಮಾಡಿದ್ದಾರೆ ಎಂದು.

"ಮಾಫ್ ಯಾವುದಕ್ಕ್ರಿ?"

ನಾನು ಮೇಜಿನ ಮೇಲಿದ್ದ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ಅಳಿಸೂಕ್ಕಿಂತ ಮೊದ್ಲ ತಾರೀಖ್ ನೋಡಿದ್ರೇನ್ರಿ ನೀವು?"

"ನೋಡಿದ್ದೆ," ಎಂದೆ.

ಅವಳು ಕೈಯಲ್ಲಿದ್ದ ಚೀಟಿ ಬರೆದು ಮುಗಿಸಿದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ.

"ಹಂಗಾರ ಸಾಹೇಬ್ರಿಗೆ ಹೇಳ್ರಿ. ಹೇಳಿ ಬರ್ರಿ, ನಾ ಮರುದಿನಾನ ಬರ್ತೀನಿ. ಮಾಫ್ ಮಾಡ್ಯಾರ ಅಂತ ಬಂದ್ರ, ನಾನ ಮಾಡೀನಿ ಅಂತಾನ ಆತಲ್ರಿ."

"ಹೇಳ್ತೀನಿ," ಎಂದೆ. ಆಗ ಹೇಳಬೇಕೆಂದೇ ಇದ್ದೆ ಎಂದು ನನ್ನ ನಂಬಿಕೆ. ಆ ನಂಬಿಕೆಗೆ ಆಧಾರವಿಲ್ಲ.

ಮರುದಿನ ಮ್ಯಾನೇಜರ್ ಕೋಣೆಗೆ ಹೋದೆ. ಒಳ್ಳೆಯ ಲಹರಿಯಲ್ಲಿದ್ದರು. ಚಹಾ ತರಿಸಿದರು.

"ಏನಂದ್ಲು ಹುಡುಗಿ?"

ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು, "ಬರಂಗಿಲ್ಲಂತ್ರಿ ಸರ" ಎಂದೆ.

"ಬರಾಕ ಮುಖ ಬೇಕಲ್ಲಪಾ," ಎಂದು ಅವರು ಜೋರಾಗಿ ನಕ್ಕರು.

ನಾನೂ ನಕ್ಕೆ. ಈ ಬರಹದಲ್ಲಿ ವಾರ, ತಿಂಗಳು, ಯಾರು ಯಾವ ಶಬ್ದ ಆಡಿದರು ಎಂಬುದೆಲ್ಲ ಅನುಮಾನದ್ದು. ಇದು ಮಾತ್ರ ಅಲ್ಲ. ಅವರ ನಗುವಿನಷ್ಟೇ ಜೋರಾಗಿ, ಅವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಕ್ಕೆ.